ನಲವತ್ತೈದು ದಾಟಿದ ಮುಖ, ಮೊಡವೆ, ಕೆಂಪು: ಹನ್ನೆರಡು ವಾರದ ಲೆಕ್ಕ

ಶುರು ಮಾಡುವುದು ಬಚ್ಚಲುಮನೆಯ ಶೆಲ್ಫಿನಿಂದ. ಅಲ್ಲಿರುವ ಡಬ್ಬಿ, ಟ್ಯೂಬು, ಬಾಟಲಿಗಳನ್ನೆಲ್ಲ ಇಳಿಸಿ ಹಳೇ ಪೇಪರಿನ ಮೇಲೆ ಸಾಲಾಗಿ ಇಡಬೇಕು. ಮಗಳು ತಂದುಕೊಟ್ಟ ವಿಟಮಿನ್ ಸಿ ಸೀರಮ್, ಪಾರ್ಲರಿನಲ್ಲಿ ಕೊಂಡ ಸ್ಕ್ರಬ್, ಬೇವಿನ ಫೇಸ್‌ವಾಶ್, ಗುಲಾಬಿ ನೀರು, ಅರ್ಧ ಮುಗಿದ ಮುಲ್ತಾನಿ ಮಿಟ್ಟಿ, ಮೆಡಿಕಲ್ ಶಾಪಿನಲ್ಲಿ ‘ಇದನ್ನ ಹಚ್ಚಿ ನೋಡಿ ಅಕ್ಕ’ ಎಂದು ಕೊಟ್ಟ ಬೆರಳುದ್ದದ ಟ್ಯೂಬು. ಗದ್ದದ ಮೇಲೆ ಗುಳ್ಳೆ, ಕೆನ್ನೆಯಲ್ಲಿ ಉರಿ, ಕಣ್ಣಿನ ಬದಿಗೆ ಸುಕ್ಕು, ಮೂರೂ ಒಟ್ಟಿಗೆ ಬಂದಾಗ ಒಂದೊಂದಕ್ಕೂ ಒಂದೊಂದು ಸಾಮಾನು ಸೇರುತ್ತಾ ಹೋಗುತ್ತದೆ. ಸೇರಿದ್ದು ಹೊರಗೆ ಹೋಗುವುದಿಲ್ಲ. ಮುಖವನ್ನು ದಾರಿಗೆ ತರುವ ಹನ್ನೆರಡು ವಾರದಲ್ಲಿ ಮೊದಲ ಎರಡು ವಾರ ಪೂರ್ತಿ ಇವನ್ನೆಲ್ಲ ಬಿಡುವುದರಲ್ಲೇ ಕಳೆಯುತ್ತದೆ. ಬೇಜಾರು ಹಿಡಿಸುವ ಭಾಗ ಇದು, ಆದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಸಾಲಿನಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಆ ಬೆರಳುದ್ದದ ಟ್ಯೂಬು. ಹಿಂಬದಿಯ ಸಣ್ಣಕ್ಷರದಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುವೊಸಿನೊಲೋನ್ ಎಂದೇನಾದರೂ ಇದ್ದರೆ ಅದು ಸ್ಟೀರಾಯ್ಡ್. ಬಂಗಿಗೆ, ಅಂದರೆ ಕೆನ್ನೆಯ ಕಂದು ಮಚ್ಚೆಗೆ, ಕೊಡುವ ಮೂರು ಔಷಧಿಯ ಮಿಶ್ರಣದಲ್ಲೂ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆಗೆ ಮೂರನೆಯದಾಗಿ ಕೂತಿರುವುದು ಸ್ಟೀರಾಯ್ಡೇ. ಅದನ್ನು ಹಚ್ಚಿದ ಮೊದಲೆರಡು ವಾರ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಇಷ್ಟು ಒಳ್ಳೆಯ ಕ್ರೀಮು ಇಷ್ಟು ದಿನ ಯಾಕೆ ಸಿಗಲಿಲ್ಲ ಅನ್ನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳುವಾಗಿ, ಕೆನ್ನೆಯಲ್ಲಿ ಕೂದಲೆಳೆಯಂಥ ರಕ್ತನಾಳ ಎದ್ದು, ಸಣ್ಣಸಣ್ಣ ಗುಳ್ಳೆ ಬಂದು, ಬಿಸಿಲಿಗೆ ಕಾಲಿಟ್ಟರೆ ಮುಖ ಹೊತ್ತಿಕೊಳ್ಳುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ತಂಪು. ಆ ತಂಪೇ ಬಲೆ. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ‘ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್’ ಎಂದು ಹೆಸರಿಟ್ಟಿದ್ದಾರೆ. ಮುಖಕ್ಕೆ ಹೆಚ್ಚಾಗಿ ಬಳಕೆಯಾಗುವ ಸ್ಟೀರಾಯ್ಡ್ ಕ್ರೀಮುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕೆಂಬ ಪಟ್ಟಿಗೆ ಸೇರಿಸಿತು. ಅಂಗಡಿಯಲ್ಲಿ ಕೇಳಿದರೆ ಈಗಲೂ ಸಿಗುವುದು ಬೇರೆ ಮಾತು. ಇಂಥ ಕ್ರೀಮನ್ನು ಒಂದೆರಡು ತಿಂಗಳಿಗಿಂತ ಹೆಚ್ಚು ಹಚ್ಚಿದ ಮುಖಕ್ಕೆ ಈ ಹನ್ನೆರಡು ವಾರದ ಲೆಕ್ಕ ಒಬ್ಬರೇ ಕೂತು ಹಾಕುವಂಥದ್ದಲ್ಲ. ನಿಲ್ಲಿಸಿದ ಕೆಲವೇ ದಿನಕ್ಕೆ ಕೆಂಪು, ಊತ, ಕೀವುಗುಳ್ಳೆ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ, ಇಳಿಯಲು ವಾರಗಳು, ಒಮ್ಮೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆ ಹೊತ್ತಿನಲ್ಲಿ ಚರ್ಮವೈದ್ಯರ ಕೈ ಬೇಕು.

ಈ ವಯಸ್ಸಿನಲ್ಲಿ ಮೊಡವೆ ಯಾಕೆ? ನಮ್ಮಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46ರ ಆಸುಪಾಸು. ಅದಕ್ಕೆ ಹಿಂದಿನ ನಾಲ್ಕೈದು ವರ್ಷದಿಂದಲೇ ಹೆಣ್ಣುಹಾರ್ಮೋನು ಈಸ್ಟ್ರೋಜನ್ ಏರಿಳಿಯುತ್ತಾ ಕಡಿಮೆಯಾಗುತ್ತದೆ. ಹೆಂಗಸರಲ್ಲೂ ಸ್ವಲ್ಪ ಇರುವ ಗಂಡುಹಾರ್ಮೋನು ಆಂಡ್ರೋಜನ್ ಅಷ್ಟು ಬೇಗ ಇಳಿಯುವುದಿಲ್ಲ. ತಕ್ಕಡಿಯ ಒಂದು ತಟ್ಟೆ ಹಗುರಾದಾಗ ಇನ್ನೊಂದು ತೂಗುವ ಹಾಗೆ, ಗದ್ದ ಮತ್ತು ದವಡೆಯ ಎಣ್ಣೆಗ್ರಂಥಿಗಳು ಚುರುಕಾಗುತ್ತವೆ. ಅದೇ ಸಮಯಕ್ಕೆ ಕೆನ್ನೆಯ ಚರ್ಮ ತನ್ನ ಸೆರಮೈಡ್ (ತೇವ ಹಿಡಿದಿಡುವ ಜಿಡ್ಡು), ತೇವ, ದಪ್ಪ ಕಳೆದುಕೊಳ್ಳುತ್ತಿರುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷದಲ್ಲಿ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ನಾರು ಶೇಕಡಾ 30ರಷ್ಟು ಕರಗುತ್ತದೆ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು. ಹದಿನೇಳರ ಮೊಡವೆಗೂ ನಲವತ್ತೇಳರದ್ದಕ್ಕೂ ವ್ಯತ್ಯಾಸ ಇಲ್ಲಿದೆ. ಅಲ್ಲಿ ಹಣೆ, ಮೂಗು ಪೂರಾ ಎಣ್ಣೆ. ಇಲ್ಲಿ ದವಡೆಯಂಚಿನಲ್ಲಿ ಆಳದಲ್ಲಿ ಗಂಟುಕಟ್ಟುವ, ಮುಟ್ಟಿದರೆ ನೋಯುವ, ಬಾಯಿ ಕಾಣದ ಗುಳ್ಳೆ. ಸುತ್ತಲಿನ ಚರ್ಮ ಮಾತ್ರ ಸುಣ್ಣ ಹೊಡೆದ ಗೋಡೆಯಷ್ಟು ಒಣ. ಹದಿನೇಳರ ಔಷಧಿಯನ್ನು, ಅಂದರೆ ದಿನಕ್ಕೆ ಮೂರು ಸಲ ಬೇವಿನ ಫೇಸ್‌ವಾಶ್, ಸ್ಪಿರಿಟ್ ಹಾಕಿದ ಟೋನರ್, ವಾಲ್ನಟ್ ಚೂರಿನ ಸ್ಕ್ರಬ್ ಇವನ್ನು ಇಲ್ಲಿ ಹಾಕಿದರೆ ಗುಳ್ಳೆ ಇದ್ದಲ್ಲೇ ಇರುತ್ತದೆ, ಕೆನ್ನೆ ಸುಡುತ್ತದೆ.

ಕೆಂಪು ಯಾವ ಜಾತಿಯದ್ದು ಎಂದು ನೋಡಿಕೊಳ್ಳುವುದು ಮುಂದಿನ ಹೆಜ್ಜೆ. ನಮ್ಮ ಗೋಧಿ, ಎಣ್ಣೆಗೆಂಪು, ಕಪ್ಪು ಮೈಬಣ್ಣಗಳಲ್ಲಿ ಕೆಂಪು ಕೆಂಪಾಗಿ ಕಾಣುವುದೇ ಅಪರೂಪ. ನೇರಳೆ ಬೆರೆತ ಕಂದು, ಒಮ್ಮೊಮ್ಮೆ ಬರೀ ಮಂಕಾದ ಕಪ್ಪು. ಪರೀಕ್ಷೆ ಸುಲಭ: ಅಂಗೈ ಹಿಂಬದಿಯನ್ನು ಕೆನ್ನೆಗೊತ್ತಿ, ಆಮೇಲೆ ಕತ್ತಿಗೆ ಒತ್ತಿ; ಕೆನ್ನೆ ಬಿಸಿಯಾಗಿದ್ದರೆ ಉರಿಯೂತವಿದೆ. ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ಒಂದು ಕ್ಷಣ ಮಾಸಿ ಮತ್ತೆ ತುಂಬಿದರೆ ಅದು ರಕ್ತನಾಳದ ಕೆಂಪು, ಮಾಸದೇ ಇದ್ದರೆ ಹಳೇ ಕಲೆ. ವಾರಕ್ಕೊಂದು ಫೋಟೋ, ಅದೇ ಕಿಟಕಿ, ಅದೇ ಬೆಳಗಿನ ಹೊತ್ತು, ಬ್ಯೂಟಿ ಫಿಲ್ಟರ್ ಆರಿಸಿ. ನೆನಪು ಮೋಸ ಮಾಡುತ್ತದೆ, ಫೋಟೋ ಮಾಡುವುದಿಲ್ಲ.

ಮೂಗು, ಕೆನ್ನೆಯ ನಡುಭಾಗ ಬಿಸಿ ಕಾಫಿಗೆ, ಬಿಸಿಲಿಗೆ, ಖಾರಕ್ಕೆ, ಕೋಪಕ್ಕೆ ಕಾವೇರಿ, ಗುಳ್ಳೆಗಳಿದ್ದರೂ ಬ್ಲ್ಯಾಕ್‌ಹೆಡ್ ಕಾಣದೆ, ಕಣ್ಣಿನಲ್ಲಿ ಮರಳು ಬಿದ್ದಂತಾಗುತ್ತಿದ್ದರೆ ಅದು ರೋಸೇಶಿಯ ಇರಬಹುದು. ಕಂದು ಬಣ್ಣದವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆಯಿಂದ ವರ್ಷಗಟ್ಟಲೆ ಮೊಡವೆ ಎಂದೇ ಔಷಧಿ ನಡೆಯುತ್ತದೆ. ಮೂಗಿನ ಪಕ್ಕದ ಗೆರೆ, ಹುಬ್ಬಿನೊಳಗೆ ಹಳದಿಯಾದ ಜಿಡ್ಡು ಹೊಟ್ಟು ಇದ್ದರೆ ಅದು ಸೆಬೊರಿಕ್ ಡರ್ಮಟೈಟಿಸ್, ತಲೆಹೊಟ್ಟಿನ ಅಣ್ಣ. ಅದಕ್ಕೆ ಬೇಕಾದ್ದು ಶಿಲೀಂಧ್ರದ ಔಷಧಿ ಕೀಟೊಕೊನಜೋಲ್. ಹಣೆಯಲ್ಲಿ ಒಂದೇ ಅಳತೆಯ, ಸಾಸಿವೆ ಎರಚಿದಂಥ, ತುರಿಸುವ ಗುಳ್ಳೆಗಳಿದ್ದರೆ ಅದು ಶಿಲೀಂಧ್ರದ ಮೊಡವೆ; ಮಾಮೂಲಿ ಮೊಡವೆ ಕ್ರೀಮಿಗೆ ಅದು ಬಗ್ಗುವುದಿಲ್ಲ, ಆ್ಯಂಟಿಬಯೋಟಿಕ್ ನುಂಗಿದರೆ ಇನ್ನೂ ಹೆಚ್ಚುತ್ತದೆ. ಎರಡೂ ಕೆನ್ನೆಗೆ ಚಿಟ್ಟೆಯಾಕಾರದ ಕೆಂಪು, ಜೊತೆಗೆ ಕೀಲುನೋವು, ಬಾಯಿಹುಣ್ಣು, ಸುಸ್ತು ಇದ್ದರೆ ಲೂಪಸ್ (ದೇಹದ ರಕ್ಷಣಾಶಕ್ತಿ ದೇಹದ ಮೇಲೇ ತಿರುಗುವ ಕಾಯಿಲೆ) ಪರೀಕ್ಷೆಯಾಗಬೇಕು, ಕ್ರೀಮಿನ ಮಾತೇ ಬೇಡ. ಗದ್ದದ ಮೇಲೆ ಇದ್ದಕ್ಕಿದ್ದಂತೆ ಒರಟು ಕೂದಲು, ದನಿ ಗಡಸಾಗುವುದು, ನೆತ್ತಿ ಬೋಳಾಗುವುದು ಕೆಲವೇ ತಿಂಗಳಲ್ಲಿ ಸೇರಿ ಬಂದರೂ ಕ್ರೀಮಲ್ಲ, ವೈದ್ಯರ ಪರೀಕ್ಷೆಯೇ ಮೊದಲು. ಬಿ12 ಇಂಜೆಕ್ಷನ್ನಿನ ಕೋರ್ಸು ಶುರುವಾದ ಮೇಲೆ ಗುಳ್ಳೆ ಎದ್ದವರೂ ಉಂಟು. ಸಸ್ಯಾಹಾರಿ ಮನೆಗಳಲ್ಲಿ ಆ ಇಂಜೆಕ್ಷನ್ ಮಾಮೂಲಾದ್ದರಿಂದ ಈ ಪ್ರಶ್ನೆಯನ್ನು ಮರೆಯಬಾರದು.

ಇನ್ನು ತೊಳೆಯುವುದು. ಬೆಳಿಗ್ಗೆ ಬರೀ ನೀರು. ರಾತ್ರಿ ಒಂದೇ ಸಲ, ನೊರೆ ಕಡಿಮೆ ಬರುವ, ಸುವಾಸನೆ ಇಲ್ಲದ, ಪಿಎಚ್ (ಹುಳಿ-ಕ್ಷಾರ ಅಳೆಯುವ ಅಂಕಿ; 7ಕ್ಕಿಂತ ಕಡಿಮೆಯಾದಷ್ಟೂ ಹುಳಿ) 5.5ರ ಸುತ್ತಮುತ್ತ ಇರುವ ಕ್ಲೆನ್ಸರ್. ಚರ್ಮದ ಮೇಲ್ಪದರ ತುಸು ಹುಳಿ, ಪಿಎಚ್ ಸುಮಾರು 5. ಮೈಸೋಪಿನದ್ದು 9ರಿಂದ 10. ಸೋಪು ಹಚ್ಚಿದಾಗಲೆಲ್ಲ ಮುಖ ಆ ಹುಳಿಯನ್ನು ಮರಳಿ ಗಳಿಸಿಕೊಳ್ಳಲು ಗಂಟೆಗಳು ಹಿಡಿಯುತ್ತವೆ, ವಯಸ್ಸಾದಷ್ಟೂ ನಿಧಾನ. ಬೋರ್‌ವೆಲ್ ನೀರಿನ ಊರು, ಬಡಾವಣೆಗಳಲ್ಲಿ ಇದು ಎರಡು ಪಟ್ಟು ತೊಂದರೆ: ಗಡಸು ನೀರಿನ ಸುಣ್ಣ ಸೋಪಿನ ಜೊತೆ ಸೇರಿ ಬಕೆಟ್ಟಿನ ಅಂಚಿಗೆ ಬಿಳಿ ಗಸಿ ಕಟ್ಟುತ್ತದಲ್ಲ, ಅದೇ ಗಸಿ ಕೆನ್ನೆಯ ಮೇಲೂ ಉಳಿಯುತ್ತದೆ. ಸೋಪಲ್ಲದ ಕ್ಲೆನ್ಸರಿಗೆ ಆ ತಾಪತ್ರಯ ಇಲ್ಲ. ಕಡಲೆಕಾಯಿ ಬೀಜದಷ್ಟು ತೆಗೆದುಕೊಂಡು, ಒದ್ದೆ ಮುಖಕ್ಕೆ ಬೆರಳ ತುದಿಯಲ್ಲಿ ಮೂವತ್ತು ಸೆಕೆಂಡು ಆಡಿಸಿ, ಹತ್ತು ಹನ್ನೆರಡು ಬೊಗಸೆ ನೀರು. ನೀರು ಮುಟ್ಟಿದರೆ ಬಿಸಿಯೂ ಅನ್ನಿಸಬಾರದು, ಚಳಿಯೂ ಆಗಬಾರದು. ಗೀಸರಿನ ಕೆಳಗೆ ನಿಂತು ತಲೆಯಿಂದ ಬಿಸಿನೀರು ಸುರಿದುಕೊಳ್ಳುವವರು ಮುಖವನ್ನು ಬೇರೆಯಾಗಿ ಸಿಂಕಿನಲ್ಲಿ ತೊಳೆಯುವುದು ಮೇಲು. ಒರೆಸುವುದಕ್ಕೆ ಮೆತ್ತನೆಯ ಹತ್ತಿ ಬಟ್ಟೆ, ಒತ್ತಿ ತೆಗೆಯುವುದಷ್ಟೇ.

ಮೂರನೇ ನಾಲ್ಕನೇ ದಿನಕ್ಕೆ ಮುಖ ತೊಳೆದೇ ಇಲ್ಲವೇನೋ ಅನ್ನಿಸತೊಡಗುತ್ತದೆ. ಬೆರಳಾಡಿಸಿದರೆ ಕರಕರ ಎನ್ನುತ್ತಿದ್ದ ಆ ಹಳೇ ‘ಸ್ವಚ್ಛ’ ಈಗ ಇಲ್ಲ. ಕರಕರ ಎನ್ನುವುದು ಎಣ್ಣೆಯೆಲ್ಲ ಕಿತ್ತುಹೋದ ತಟ್ಟೆಯ ಸದ್ದು. ಮುಖಕ್ಕೆ ಅದು ಬೇಡ. ಈ ಹೊತ್ತಿನಲ್ಲೇ ಹೆಚ್ಚಿನವರು ಸೋಪಿಗೆ ಮರಳುತ್ತಾರೆ. ಹತ್ತನೇ ದಿನದ ಹೊತ್ತಿಗೆ ತೊಳೆದ ಮೇಲೆ ಕೆನ್ನೆ ಎಳೆದಂತಾಗುವುದು ನಿಲ್ಲುತ್ತದೆ, ನಗುವಾಗ ಬಾಯಿಯ ಬದಿ ಚುರ್ ಎನ್ನುವುದಿಲ್ಲ.

ತೊಳೆದು ಮೂರು ನಿಮಿಷದೊಳಗೆ, ಮುಖ ಇನ್ನೂ ತುಸು ಒದ್ದೆಯಿರುವಾಗ ಮಾಯಿಶ್ಚರೈಸರ್. ಪಟ್ಟಿಯಲ್ಲಿ ಗ್ಲಿಸರಿನ್, ಸೆರಮೈಡ್, ಸ್ಕ್ವಾಲೇನ್, ಪ್ಯಾಂಥೆನಾಲ್ ಇಂಥವು ಸಾಕು. ಪರ್ಫ್ಯೂಮ್, ಮೆಂಥಾಲ್, ಕರ್ಪೂರ, ಲ್ಯಾವೆಂಡರ್, ನಿಂಬೆ ಎಣ್ಣೆ ಇದ್ದರೆ ವಾಪಸ್ ಇಡಿ. ವಾಸನೆ ಬರದಂತೆ ಇನ್ನೊಂದು ವಾಸನೆ ಹಾಕಿ ಮುಚ್ಚಿದ ಕ್ರೀಮುಗಳೂ ಇವೆ, ಹಾಗಾಗಿ ಮುಂಬದಿಯ ದೊಡ್ಡಕ್ಷರಕ್ಕಿಂತ ಹಿಂಬದಿಯ ಪಟ್ಟಿಯನ್ನು ನಂಬಬೇಕು. ಮುಖ, ಕತ್ತಿಗೆ ಒಂದು ಸಲಕ್ಕೆ ಸುಮಾರು 1 ಗ್ರಾಂ, ಅಂದರೆ ತೋರುಬೆರಳಿನ ತುದಿಗೆರೆಯಿಂದ ತುದಿಯವರೆಗೆ ಎರಡು ಗೆರೆ. ದಿನಕ್ಕೆರಡು ಸಲ ಹೀಗೆ ಹಚ್ಚಿದರೆ 50 ಗ್ರಾಂ ಡಬ್ಬಿ 25 ದಿನ ಬರುತ್ತದೆ. ಮೂರು ತಿಂಗಳು ಬರುತ್ತಿದೆ ಎಂದರೆ ಹಚ್ಚುತ್ತಿರುವುದು ನೆವಕ್ಕೆ. ದುಬಾರಿ ಡಬ್ಬಿಯನ್ನು ಜಿಪುಣತನದಿಂದ ಹಚ್ಚುವುದಕ್ಕಿಂತ ಅಗ್ಗದ್ದನ್ನು ಧಾರಾಳವಾಗಿ ಹಚ್ಚುವುದು ಲಾಭ.

ಹಾನಿಯಾದ ಚರ್ಮಕ್ಕೆ ಸಾದಾ ಕ್ರೀಮೂ ಮೊದಲ ವಾರ ಚುರುಗುಟ್ಟುತ್ತದೆ. ಒಂದೆರಡು ನಿಮಿಷದಲ್ಲಿ ಇಳಿದರೆ ಮುಂದುವರಿಸಬಹುದು. ಐದು ನಿಮಿಷ ದಾಟಿಯೂ ಉರಿಯುತ್ತಾ ಬಿಸಿ ಏರಿದರೆ ತೊಳೆದುಬಿಡಿ, ಅದರಲ್ಲಿ ಏನೋ ಒಗ್ಗುತ್ತಿಲ್ಲ. ಮೂಗಿನ ಮೂಲೆ, ತುಟಿಯ ಬದಿ ಬಿರಿದಿದ್ದರೆ ಅಕ್ಕಿಕಾಳಿನಷ್ಟು ಪೆಟ್ರೋಲಿಯಂ ಜೆಲ್ಲಿಯನ್ನು ಬೆರಳಲ್ಲಿ ಕರಗಿಸಿ ಒತ್ತಿದರೆ ಸಾಕು. ಅದು ರಂಧ್ರ ಮುಚ್ಚುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಕಟ್ಟಿಸುವುದು ಕೊಬ್ಬರಿ ಎಣ್ಣೆ. ಮೈಗೆ, ಕೂದಲಿಗೆ ಅದರಷ್ಟು ಒಳ್ಳೆಯದು ಇಲ್ಲದಿರಬಹುದು, ಮೊಡವೆ ಏಳುವ ಮುಖಕ್ಕೆ ಬೇಡ.

ಯಾವ ಹೊಸ ಸಾಮಾನೇ ಆಗಲಿ, ಮುಖಕ್ಕೆ ಮುಂಚೆ ಮೊಣಕೈ ಒಳಮಡಿಕೆಗೆ ದಿನಕ್ಕೆರಡು ಸಲ ಏಳು ದಿನ. ಒಂದೇ ದಿನ ಹಚ್ಚಿ ನೋಡಿದರೆ ಉರಿ ಗೊತ್ತಾಗುತ್ತದೆ, ಅಲರ್ಜಿ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಮೂರು ದಿನವಾದರೂ ಬೇಕು.

ಸನ್‌ಸ್ಕ್ರೀನ್ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಭ್ರಮೆ: ಹವೆ ತಂಪು, ಬಿಸಿಲು ಏನು ಮಾಡೀತು. ಊರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ, ಮಾರ್ಚ್-ಏಪ್ರಿಲ್ ಮಧ್ಯಾಹ್ನ ಚರ್ಮ ಸುಡುವ ಕಿರಣ ಅಳೆಯುವ ಅತಿನೇರಳೆ ಸೂಚ್ಯಂಕ 11 ದಾಟುತ್ತದೆ. ಸೆಕೆ ಎಷ್ಟಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎಸ್‌ಪಿಎಫ್ 30ರಿಂದ 50, ತೋರುಬೆರಳು ನಡುಬೆರಳು ಎರಡರ ಪೂರ್ತಿ ಉದ್ದಕ್ಕೆ ಎಳೆದ ಎರಡು ಗೆರೆಯಷ್ಟು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಉರಿಯುವ ಮುಖಕ್ಕೆ ಜಿಂಕ್ ಆಕ್ಸೈಡ್ ಇರುವುದು ಒಗ್ಗುತ್ತದೆ. ಕಣ್ಣೊಳಗೆ ಇಳಿದು ಚುಚ್ಚುವ ಕಾಟವೂ ಕಡಿಮೆ. ಅದರ ತಪ್ಪು ಒಂದೇ, ನಮ್ಮ ಬಣ್ಣಕ್ಕೆ ವಿಭೂತಿ ಬಳಿದಂತೆ ಕಾಣುತ್ತದೆ. ಐರನ್ ಆಕ್ಸೈಡ್ ಸೇರಿಸಿ ಮೈಬಣ್ಣಕ್ಕೆ ತಂದದ್ದು ಸಿಕ್ಕರೆ ಬೂದಿಯೂ ಹೋಗುತ್ತದೆ, ಬಂಗನ್ನು ಕೆರಳಿಸುವ ಗೋಚರ ಬೆಳಕನ್ನೂ ಅದು ತಡೆಯುತ್ತದೆ. ಬಣ್ಣವಿಲ್ಲದ ಸನ್‌ಸ್ಕ್ರೀನಿಗೆ ಆ ಶಕ್ತಿ ಇಲ್ಲ. ಛತ್ರಿ ಹಿಡಿಯಲು ನಾಚಿಕೆ ಬೇಡ, ಅದಕ್ಕೆ ಉರಿಯೂ ಇಲ್ಲ, ಅಲರ್ಜಿಯೂ ಇಲ್ಲ.

ಎರಡು ವಾರ ಕಳೆದು, ಸಾದಾ ಕ್ರೀಮು ಚುರುಗುಟ್ಟುವುದು ನಿಂತ ಮೇಲೆ ಮೂರನೇ ವಾರದಲ್ಲಿ ಒಂದೇ ಒಂದು ಔಷಧಿ. ಮೊಡವೆ, ಕೆಂಪು, ಕಲೆ ಮೂರಕ್ಕೂ ತಾಗುವುದು ಅಜೆಲಾಯಿಕ್ ಆಮ್ಲ. ಗೋಧಿ, ಬಾರ್ಲಿ ಕಾಳುಗಳಲ್ಲೂ ಇರುವ ಪದಾರ್ಥ; ಶೇ 10, 15, 20ರ ಶಕ್ತಿಯಲ್ಲಿ ಬರುತ್ತದೆ. ಬ್ಯಾಕ್ಟೀರಿಯ ತಗ್ಗಿಸುತ್ತದೆ, ರಂಧ್ರದ ಬಾಯಲ್ಲಿ ಸತ್ತ ಕಣ ಕಟ್ಟುವುದನ್ನು ಬಿಡಿಸುತ್ತದೆ, ಉರಿಯೂತ ಇಳಿಸುತ್ತದೆ, ಕಪ್ಪು ಹುಟ್ಟಿಸುವ ಟೈರೋಸಿನೇಸ್ ಕಿಣ್ವಕ್ಕೆ ಅಡ್ಡ ನಿಲ್ಲುತ್ತದೆ. ಮುಟ್ಟು ಇನ್ನೂ ಪೂರ್ತಿ ನಿಲ್ಲದವರಲ್ಲಿ ಒಂದು ವೇಳೆ ಗರ್ಭ ನಿಂತರೂ ಮಗುವಿಗೆ ತೊಂದರೆಯಾದೀತೆಂಬ ಭಯ ಇದರಲ್ಲಿ ಅಷ್ಟಾಗಿ ಇಲ್ಲ. ಶೇ 10ರಿಂದಲೇ ಆರಂಭಿಸುವುದು ಕ್ಷೇಮ.

ಔಷಧಿ ಹಚ್ಚುವ ರಾತ್ರಿ ಆ ಮೂರು ನಿಮಿಷದ ಲೆಕ್ಕ ಬೇಡ; ತೊಳೆದು, ಹದಿನೈದು ನಿಮಿಷ ಮುಖ ಪೂರ್ತಿ ಒಣಗಲು ಬಿಡಬೇಕು. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ದುಪ್ಪಟ್ಟು. ಮೊದಲು ಮೂಗಿನ ಮೂಲೆ, ತುಟಿಯ ಬದಿ, ಕಣ್ಣಿನ ಕೆಳಗೆ ಪೆಟ್ರೋಲಿಯಂ ಜೆಲ್ಲಿಯ ತೆಳು ಗೆರೆ. ಆಮೇಲೆ ತೆಳುವಾಗಿ ಮಾಯಿಶ್ಚರೈಸರ್, ಅದರ ಮೇಲೆ ಬಟಾಣಿ ಕಾಳಿನಷ್ಟು ಔಷಧಿಯನ್ನು ಹಣೆ, ಎರಡು ಕೆನ್ನೆ, ಮೂಗು, ಗದ್ದ ಎಂದು ಐದು ಚುಕ್ಕೆಯಿಟ್ಟು ಹರಡುವುದು, ಮತ್ತೆ ಮಾಯಿಶ್ಚರೈಸರ್. ಗುಳ್ಳೆಯ ಮೇಲೆ ಮಾತ್ರ ಇಟ್ಟರೆ ಪ್ರಯೋಜನವಿಲ್ಲ, ನಾಳೆಯ ಗುಳ್ಳೆ ಪಕ್ಕದಲ್ಲಿ ಕಾಣದೇ ಕೂತಿದೆ. ಮೊದಲೆರಡು ವಾರ ದಿನ ಬಿಟ್ಟು ದಿನ. ಹಚ್ಚಿದ ಐದು ನಿಮಿಷಕ್ಕೆ ಕೆನ್ನೆಯ ಮೇಲೆ ಇರುವೆ ಹರಿದಂಥ ನವೆ ಶುರುವಾಗುತ್ತದೆ, ಹತ್ತಿಪ್ಪತ್ತು ನಿಮಿಷ ಇರುತ್ತದೆ. ಫ್ಯಾನಿನ ಕೆಳಗೆ ಕೂತರೆ ತಡೆಯುವಷ್ಟು. ಎರಡು ಮೂರು ವಾರದಲ್ಲಿ ಆ ಇರುವೆಗಳು ಹೊರಟುಹೋಗುತ್ತವೆ. ಐದನೇ ವಾರದಿಂದ ಪ್ರತಿ ರಾತ್ರಿ, ಮೇಲಿನ ಮಾಯಿಶ್ಚರೈಸರ್ ಹಾಗೇ ಇಟ್ಟುಕೊಂಡು ಕೆಳಗಿನದ್ದನ್ನು ಬಿಟ್ಟು ನೋಡಬಹುದು.

ಎಡವುವುದು ಎಲ್ಲಿ ಎಂದರೆ, ‘ಉರಿದರೇ ಕೆಲಸ ಮಾಡ್ತಿದೆ’ ಎಂಬ ಮಾತನ್ನು ನಂಬುವಲ್ಲಿ. ಗಾಯಕ್ಕೆ ಟಿಂಚರ್ ಹಾಕಿದ ಕಾಲದ ನೆನಪು ಇರಬೇಕು ಅದು. ನವೆ ಬಂದು ಹೋಗುವುದು ಬೇರೆ. ಮರುದಿನ ಬೆಳಿಗ್ಗೆಯೂ ಮುಖ ಬಿಸಿಯಾಗಿ, ಹೊಳಪು ಬಂದು, ಈರುಳ್ಳಿ ಸಿಪ್ಪೆಯಂತೆ ಪದರ ಏಳುತ್ತಿದ್ದರೆ ಅದು ಗಾಯ. ಆಗ ಔಷಧಿಯನ್ನು ಪೂರ್ತಿ ನಿಲ್ಲಿಸಿ ಐದರಿಂದ ಏಳು ದಿನ ಬರೀ ತೊಳೆಯುವುದು, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಆಮೇಲೆ ಮೂರು ದಿನಕ್ಕೊಮ್ಮೆಯಿಂದ ಮತ್ತೆ ಶುರು. ಇನ್ನೊಂದು ಎಡವು, ‘ಒಳಗಿನದೆಲ್ಲ ಹೊರಗೆ ಬರ್ತಿದೆ’ ಎಂದು ಯಾವ ಗುಳ್ಳೆಯನ್ನೂ ಸಹಿಸಿಕೊಳ್ಳುವುದು. ಯಾವಾಗಲೂ ಏಳುವ ಜಾಗದಲ್ಲೇ ನಾಲ್ಕು ಹೆಚ್ಚು ಎದ್ದು ಬೇಗ ಒಣಗಿದರೆ ಇರಲಿ. ಎಂದೂ ಏಳದ ಕೆನ್ನೆಮೂಳೆಯ ಮೇಲೆ ಸಣ್ಣಗೆ ತುರಿಸುತ್ತಾ ಎದ್ದರೆ ಅದು ಕಿರಿಕಿರಿಯ ಗುಳ್ಳೆ, ತಾಳ್ಮೆ ಅದಕ್ಕೆ ಮದ್ದಲ್ಲ. ಮೂರನೆಯದು ಜೊತೆಗೂಡಿಸುವ ಆಸೆ. ಶೇ 10ರ ನಿಯಾಸಿನಮೈಡ್, ವಿಟಮಿನ್ ಸಿ, ಗ್ಲೈಕಾಲಿಕ್ ಆಮ್ಲ ಎಲ್ಲ ಒಟ್ಟಿಗೆ ಹಚ್ಚಿ ಕೆಂಪೆದ್ದರೆ ಯಾರನ್ನು ದೂರುವುದು? ನಿಯಾಸಿನಮೈಡ್ ಬೇಕೆನಿಸಿದರೆ ಶೇ 4ರಿಂದ 5 ಸಾಕು, ಅದೂ ಏಳನೇ ವಾರದ ಮೇಲೆ.

ಮುಖದ ಕಾಯಿಲೆಯ ಮೂಲ ಮುಖದಲ್ಲೇ ಇರಬೇಕೆಂದಿಲ್ಲ. ಐವತ್ತರ ಆಸುಪಾಸಿನ ಕೆಂಪಿಗೆ ದೊಡ್ಡ ಕಾರಣಗಳಲ್ಲಿ ಒಂದು ತಲೆಯ ಬಣ್ಣ. ಕಪ್ಪು ಡೈಯಲ್ಲಿ, ‘ಕಾಲಿ ಮೆಹಂದಿ’ ಎಂದು ಮಾರುವ ಪುಡಿಯಲ್ಲೂ ಇರುವ ಪಿಪಿಡಿ ಎಂಬ ರಾಸಾಯನಿಕ ಹತ್ತು ವರ್ಷ ಸುಮ್ಮನಿದ್ದು ಹನ್ನೊಂದನೇ ವರ್ಷ ತಿರುಗಿ ಬೀಳಬಹುದು. ಹಚ್ಚಿದ ಒಂದೆರಡು ದಿನಕ್ಕೆ ಹಣೆಯಂಚು, ಕಿವಿ, ಕಣ್ಣುರೆಪ್ಪೆ ಊದಿ ತುರಿಸಿದರೆ ಅನುಮಾನ ಅದರ ಮೇಲೆ. ‘ಹರ್ಬಲ್’ ಎಂದು ಬರೆದಿದ್ದರೂ ಕಿವಿ ಹಿಂದೆ ಹಚ್ಚಿ 48 ಗಂಟೆ ಕಾದು ನೋಡುವುದನ್ನು ಪ್ರತಿ ಸಲ ಮಾಡಬೇಕು. ನೇಲ್‌ಪಾಲಿಶ್ ಅಲರ್ಜಿ ಉಗುರಲ್ಲಿ ಕಾಣುವುದಿಲ್ಲ, ಬೆರಳು ತಾಗುವ ರೆಪ್ಪೆ, ಕತ್ತಿನಲ್ಲಿ ಕಾಣುತ್ತದೆ. ಸ್ಟಿಕ್ಕರ್ ಬಿಂದಿಯ ಅಂಟಿನಿಂದ ಹಣೆಯಲ್ಲಿ ಬಿಳಿ ಮಚ್ಚೆಯೇ ಬೀಳುವುದುಂಟು. ಬಿಂದಿಯ ಕೆಳಗೆ ತುರಿಕೆ ಎಂದಾಗಲೇ ಬಿಡಬೇಕು. ರಾತ್ರಿ ತಲೆಗೆ ಎಣ್ಣೆ ಹಚ್ಚಿ ಮಲಗುವವರಿಗೆ ದಿಂಬಿನಿಂದ ಕೆನ್ನೆಗೆ, ಬೆವರಿನಿಂದ ಹಣೆಗೆ ಎಣ್ಣೆ ಇಳಿಯುತ್ತದೆ. ಎಣ್ಣೆ ಬಿಡಬೇಕಿಲ್ಲ, ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ, ಸೀಗೆಪುಡಿ ಮುಖಕ್ಕೆ ಹರಿಯದಂತೆ ತಲೆ ಬಗ್ಗಿಸಿ ತೊಳೆದರಾಯಿತು.

ಅಡುಗೆಮನೆಯ ಕಾವು ಇನ್ನೊಂದು. ಒಲೆಯ ಮುಂದೆ ಬಗ್ಗಿ ಒಗ್ಗರಣೆ ಹಾಕುವಾಗ, ಕುಕ್ಕರ್ ತೆಗೆಯುವಾಗ, ದೋಸೆ ಕಾವಲಿ ಮುಂದೆ ಮುಕ್ಕಾಲು ಗಂಟೆ ನಿಂತಾಗ ರೋಸೇಶಿಯ ಮುಖ ಬಿಸಿಲಲ್ಲಿ ನಿಂತಷ್ಟೇ ಕೆರಳುತ್ತದೆ. ಚಿಮಣಿಗಿಂತ ಪಕ್ಕದಿಂದ ಬೀಸುವ ಸಣ್ಣ ಫ್ಯಾನು ಹೆಚ್ಚು ಉಪಕಾರಿ. ಕಾಫಿ ಬಿಡಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಕೆರಳಿಸುವುದು ಲೋಟದ ಕಾವು, ಕಾಫಿಯಲ್ಲ. ಡಬರಾಕ್ಕೆ ಎರಡು ಸಲ ಹೆಚ್ಚು ಎತ್ತಿ ಹೊಯ್ದು ಕುಡಿಯಬಹುದು. ಖಾರ ಎಲ್ಲರಿಗೂ ತಾಗುವುದಿಲ್ಲ. ಬ್ಯಾಡಗಿ ಮೆಣಸಿಗೆ ಸುಮ್ಮನಿರುವ ಮುಖ ಗುಂಟೂರು ಮೆಣಸಿಗೆ ಹೊತ್ತಿಕೊಳ್ಳಬಹುದು. ಎರಡು ವಾರ ಡೈರಿಯಲ್ಲಿ ಗುರುತು ಹಾಕಿಕೊಂಡರೆ ತನ್ನ ಶತ್ರು ಯಾರೆಂದು ತಿಳಿಯುತ್ತದೆ, ಪಟ್ಟಿಯಲ್ಲಿರುವುದೆಲ್ಲ ಬಿಟ್ಟು ಸಪ್ಪೆ ಉಣ್ಣಬೇಕಾಗಿಲ್ಲ.

ಮನೆಮದ್ದಿನ ಮಾತು ಬಾರದೆ ಇರದು. ನಿಂಬೆರಸದ ಪಿಎಚ್ 2ರ ಹತ್ತಿರ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅಡುಗೆ ಸೋಡಾ ಅದಕ್ಕೆ ವಿರುದ್ಧ, ಕ್ಷಾರ; ಅದೂ ಬೇಡ. ಟೂತ್‌ಪೇಸ್ಟು ಗುಳ್ಳೆಯನ್ನು ಒಣಗಿಸುವುದಲ್ಲ, ಸುತ್ತಲನ್ನು ಸುಡುತ್ತದೆ. ಕಡಲೆಹಿಟ್ಟು ಒಣಗಿದ ಮೇಲೆ ಉಜ್ಜಿ ತೆಗೆಯುವ ಪದ್ಧತಿಯೇ ಅದರ ದೋಷ. ಲೋಳೆಸರ ಬೇಕೆಂದರೆ ಎಲೆ ಕತ್ತರಿಸಿ ಕಾಲು ಗಂಟೆ ನೇರ ನಿಲ್ಲಿಸಿ ಹಳದಿ ಹಾಲು ಸೋರಿಹೋಗಲು ಬಿಡಿ, ತುರಿಸುವುದು ಆ ಹಾಲು. ತೊಳೆದ ಬಿಳಿ ಲೋಳೆ ಕೆಲವರಿಗೆ ಹಿತ, ಎಲ್ಲರಿಗೂ ಅಲ್ಲ. ನಿಜಕ್ಕೂ ಕೆಲಸಕ್ಕೆ ಬರುವ ಮನೆಮದ್ದು ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹಳೇ ಪಂಚೆಯ ತುಂಡು. ಮುಖ ಹೊತ್ತಿದಾಗ ಹತ್ತು ನಿಮಿಷ, ತೆಗೆದ ಕೂಡಲೇ ಮಾಯಿಶ್ಚರೈಸರ್. ಐಸನ್ನು ನೇರ ಉಜ್ಜಿದರೆ ರಕ್ತನಾಳ ಮೊದಲು ಮುದುಡಿ, ಆಮೇಲೆ ಸೇಡು ತೀರಿಸಿಕೊಂಡಂತೆ ಹಿಗ್ಗುತ್ತದೆ.

ಊರಿಗೆ ತಕ್ಕ ಬದಲಾವಣೆ ಸ್ವಲ್ಪ. ಮಂಗಳೂರು, ಕಾರವಾರದ ಬೆವರಿಗೆ ದಪ್ಪ ಕ್ರೀಮು ಹಗಲಲ್ಲಿ ತಡೆಯದು, ಜೆಲ್ ಸಾಕು. ಕಲಬುರಗಿ, ರಾಯಚೂರು, ಬಳ್ಳಾರಿಯ ಒಣ ಬೇಸಿಗೆಗೆ ಎದುರುಗಾಳಿಯೇ ಶತ್ರು, ಬೈಕಿನಲ್ಲಿ ಹೋಗುವಾಗ ಮುಖಕ್ಕೆ ಹತ್ತಿ ಸೆರಗು ಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಣಗದ ಟವೆಲ್ಲನ್ನು ಎರಡನೇ ದಿನ ಮುಖಕ್ಕೆ ಮುಟ್ಟಿಸಬಾರದು. ಚಳಿ ದೇಶದಲ್ಲಿ ಹೀಟರಿನ ಕೆಳಗಿರುವವರಿಗೆ ಅದೇ ಕ್ರೀಮು ಎರಡು ಪಟ್ಟು ಬೇಕಾಗುತ್ತದೆ.

ಆರನೇ ವಾರದ ಫೋಟೋದಲ್ಲಿ ಹೆಚ್ಚಿನ ಬದಲಾವಣೆ ಕಾಣದು. ಹೊಸ ಗುಳ್ಳೆ ವಾರಕ್ಕೆ ಐದಿದ್ದದ್ದು ಮೂರಾಗಿರಬಹುದು, ಅಷ್ಟೇ. ಎಂಟನೇ ವಾರಕ್ಕೆ ಕೆನ್ನೆಯ ಕಾವು ಇಳಿಯುತ್ತದೆ, ಹನ್ನೆರಡಕ್ಕೆ ಫೋಟೋ ಪಕ್ಕ ಪಕ್ಕ ಇಟ್ಟರೆ ವ್ಯತ್ಯಾಸ ಬೇರೆಯವರಿಗೂ ಕಾಣುತ್ತದೆ. ಕಪ್ಪು ಕಲೆ ಮಾತ್ರ ಇನ್ನೂ ಮೂರ್ನಾಲ್ಕು ತಿಂಗಳು ಕೇಳುತ್ತದೆ. ಗುಳ್ಳೆ ಹಿಸುಕಿದ್ದರೆ ಅದಕ್ಕಿಂತ ಹೆಚ್ಚು. ಒಂದೇ ದೊಡ್ಡ ಗುಳ್ಳೆ ಕಾಡುತ್ತಿದ್ದರೆ ಶೇ 2.5ರ ಬೆಂಜೋಯಿಲ್ ಪೆರಾಕ್ಸೈಡ್ ಸೂಜಿಮೊನೆಯಷ್ಟು ಸಾಕು. ಶೇ 5, 10ರದ್ದಕ್ಕೆ ಉರಿ ಹೆಚ್ಚು, ಫಲ ಅಷ್ಟೇ. ದಿಂಬಿನ ಕವರು ಬಿಳಿಯದೇ ಇರಲಿ, ಈ ಪೆರಾಕ್ಸೈಡ್ ತಾಗಿ ಬಣ್ಣದ್ದು ಚುಕ್ಕೆ ಚುಕ್ಕೆಯಾಗಿ ಬಿಳುಚಿಕೊಳ್ಳುತ್ತದೆ.

ಹನ್ನೆರಡು ವಾರವಾದರೂ ದವಡೆಯ ಗಂಟುಗಳು ಬಗ್ಗದಿದ್ದರೆ ವೈದ್ಯರು ವಿಟಮಿನ್ ಎ ಜಾತಿಯ ಔಷಧಿ, ಶೇ 0.1ರ ಅಡಾಪಲೀನ್ ಕೊಡಬಹುದು. ವಾರಕ್ಕೆ ಎರಡೇ ರಾತ್ರಿ, ಅಜೆಲಾಯಿಕ್ ಇಲ್ಲದ ದಿನ, ಬಟಾಣಿ ಕಾಳಿನಷ್ಟು. ಕೆಂಪೇ ಮುಖ್ಯ ತೊಂದರೆಯಾದವರಿಗೆ ಇದು ಹೊಂದುವುದು ಕಷ್ಟ. ಮುಟ್ಟು ನಿಂತು ಪೂರ್ತಿ 12 ತಿಂಗಳಾಗದ ಹೊರತು ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇದೆ, ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಗುಳಿಗೆಯಾಗಿ, ಆಂಡ್ರೋಜನ್ನಿಗೆ ಅಡ್ಡ ನಿಲ್ಲುವ ಸ್ಪೈರೊನೊಲ್ಯಾಕ್ಟೋನ್ ಎಂಬುದಿದೆ. ಅದು ಬಿಪಿ ಇಳಿಸುತ್ತದೆ, ಪೊಟ್ಯಾಸಿಯಂ ಏರಿಸುತ್ತದೆ, ಈಗಾಗಲೇ ಬಿಪಿ ಮಾತ್ರೆ ನುಂಗುವವರು ಆ ಚೀಟಿಯನ್ನೂ ಒಯ್ಯಬೇಕು. ಅಮ್ಲೋಡಿಪಿನ್ ತರಹದ ಬಿಪಿ ಮಾತ್ರೆಗಳೇ ಕೆಲವರ ಮುಖವನ್ನು ಕಾವೇರಿಸುತ್ತವೆ. ಹಾಗೆಂದು ಸ್ವಂತಕ್ಕೆ ನಿಲ್ಲಿಸಬಾರದು. ರೋಸೇಶಿಯ ಎಂದು ಖಚಿತವಾದರೆ ಶೇ 0.75ರ ಮೆಟ್ರೊನಿಡಜೋಲ್ ಜೆಲ್, ಶೇ 1ರ ಐವರ್ಮೆಕ್ಟಿನ್ ಕ್ರೀಮು, ಕಡಿಮೆ ಪ್ರಮಾಣದ ಡಾಕ್ಸಿಸೈಕ್ಲಿನ್ ಗುಳಿಗೆ ಇವೆ. ಐವರ್ಮೆಕ್ಟಿನ್ ಹೆಸರು ಕೇಳಿ ಹುಳದ ಔಷಧಿ ಮುಖಕ್ಕೇಕೆ ಎಂದು ಗಾಬರಿಯಾಗುತ್ತದೆ. ನಮ್ಮ ಮುಖದ ರಂಧ್ರಗಳಲ್ಲಿ ಸಹಜವಾಗಿಯೇ ಇರುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ನುಸಿ ರೋಸೇಶಿಯ ಮುಖದಲ್ಲಿ ವಿಪರೀತ ಹೆಚ್ಚಿರುತ್ತದೆ, ಅದನ್ನು ಇಳಿಸಲು.

ಪಾರ್ಲರಿಗೆ ಹೋಗಬೇಕಾದರೆ ಹುಬ್ಬಿನ ಥ್ರೆಡಿಂಗ್ ಸರಿ, ಅಂದು ರಾತ್ರಿ ಔಷಧಿ ಇಲ್ಲ. ಬ್ಲೀಚ್, ಸ್ಟೀಮ್, ಫ್ರೂಟ್ ಫೇಶಿಯಲ್ ಮೂರೂ ಬೇಡ. ಬ್ಲೀಚಿನಲ್ಲಿರುವುದು ಪೆರಾಕ್ಸೈಡು, ಅಮೋನಿಯಾ. ಸ್ಟೀಮ್ ಎಂದರೆ ದುಡ್ಡು ಕೊಟ್ಟು ಕೊಳ್ಳುವ ಕುಕ್ಕರಿನ ಹಬೆ. ಮದುವೆ ಮನೆಗೆ ಮುಂಚೆ ಮಾಡಿಸಲೇಬೇಕು ಎನ್ನುವವರು ಕನಿಷ್ಠ ಮೂರು ವಾರ ಮೊದಲೇ ಮಾಡಿಸಿಕೊಳ್ಳಲಿ, ಎದ್ದದ್ದು ಇಳಿಯಲು ಸಮಯವಿರುತ್ತದೆ.

ಕೊನೆಗೆ ಶೆಲ್ಫಿನ ಮೇಲೆ ಉಳಿಯುವುದು ನಾಲ್ಕು: ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಅಜೆಲಾಯಿಕ್. ತೆರೆದ ದಿನವನ್ನು ಪೆನ್ನಿನಲ್ಲಿ ಟ್ಯೂಬಿನ ಮೇಲೇ ಬರೆದಿಡಿ; ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 6 ಅಥವಾ 12 ಎಂದಿದ್ದರೆ ತೆರೆದ ಮೇಲೆ ಅಷ್ಟು ತಿಂಗಳು ಎಂದರ್ಥ. ಗೀಸರಿನ ಪಕ್ಕದ ಗೂಡು ಇವಕ್ಕೆ ಜಾಗವಲ್ಲ, ಸನ್‌ಸ್ಕ್ರೀನನ್ನು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟರೆ ಒಂದು ಬೇಸಿಗೆಗೆ ಎಣ್ಣೆ ಬೇರೆ ನೀರು ಬೇರೆಯಾಗುತ್ತದೆ. ಮಲಗುವ ಕೋಣೆಯ ಬೀರು ಸಾಕು.